ಅಪ್‌ಡೇಟ್: ಹಳೆಯ ಕಾರಿನ ಬುಷ್, ಕೊನೆಗೂ ರಬ್ಬರ್

ನನ್ನ ಹಳೆಯ ಕಾರಿನ ಸಸ್ಪೆನ್ಷನ್ ಬುಷ್‌ಗಳಿಗೆ, ಅಂದರೆ ಚಕ್ರಗಳನ್ನು ಹಿಡಿದಿಡುವ ಭಾಗಗಳ ಕೀಲುಗಳಲ್ಲಿ ಕೂರುವ ಮೆತ್ತೆಗಳಿಗೆ, ರಬ್ಬರ್ ಒಳ್ಳೆಯದೋ ಅದಕ್ಕಿಂತ ಬಿಗಿಯಾದ ಪ್ಲಾಸ್ಟಿಕ್ ಆದ ಪಾಲಿಯುರೆಥೇನ್ ಒಳ್ಳೆಯದೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ.

ಮೊದಲು ಹಟಕ್ಕೆ ಬಿದ್ದು ಎಲ್ಲ ಕಡೆಯೂ ಪಾಲಿಯುರೆಥೇನನ್ನೇ ಹಾಕಿದೆ. ತಿರುವುಗಳಲ್ಲಿ ಕಾರು ಚುರುಕಾಯಿತು, ನಿಜ. ಆದರೆ ರಸ್ತೆಯ ಪ್ರತಿ ಕಲ್ಲೂ ಸ್ಟಿಯರಿಂಗ್‌ಗೆ ವರದಿ ಒಪ್ಪಿಸತೊಡಗಿತು. ತಿಂಗಳೊಳಗೆ ಕಿರುಗುಟ್ಟುವ ಸದ್ದೂ ಶುರುವಾಯಿತು. ಸಿಲಿಕೋನ್ ಗ್ರೀಸ್ ಸವರಬೇಕಾದಲ್ಲಿ ಕೈಗೆ ಸಿಕ್ಕ ಸಾಮಾನ್ಯ ಗ್ರೀಸ್ ಸವರಿದ್ದೆ. ತಪ್ಪು ನನ್ನದೇ.

ಈಗ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳಿಗೆ ರಬ್ಬರ್ ಮರಳಿದೆ. ಪಾಲಿಯುರೆಥೇನ್ ಉಳಿದಿರುವುದು ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಆಂಟಿ-ರೋಲ್ ಬಾರ್‌ನಲ್ಲಿ ಮಾತ್ರ. ಅಲ್ಲಿ ಅದರ ಬಿಗಿತ ಲಾಭವೇ. ನಿಮ್ಮಲ್ಲೊಬ್ಬರು ಕೊಟ್ಟ ಎಚ್ಚರಿಕೆಯನ್ನು ಈ ಬಾರಿ ಪಾಲಿಸಿದೆ: ಅಚ್ಚಿನಲ್ಲೇ ಲೋಹಕ್ಕೆ ಬೆಸೆದ ರಬ್ಬರ್ ಬುಷ್ ಜಾರಿ ತಿರುಗುವುದಿಲ್ಲ, ಒಳಗಿನ ಕೊಳವೆಗೆ ಅಂಟಿಕೊಂಡೇ ತಿರುಚಿಕೊಳ್ಳುತ್ತದೆ. ಆದ್ದರಿಂದ ಕಾರು ಜ್ಯಾಕ್ ಮೇಲಿದ್ದಾಗ ಬೋಲ್ಟ್‌ಗಳನ್ನು ಬಿಗಿಯದೆ, ಚಕ್ರಗಳು ನೆಲಕ್ಕೂರಿ ಭಾರ ಕುಳಿತ ಮೇಲೆಯೇ ಬಿಗಿದೆ. ಇಲ್ಲವಾದರೆ ರಬ್ಬರ್ ನಿಂತಲ್ಲಿಯೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಾಲಿಯುರೆಥೇನ್‌ಗೂ ಮೊದಲು ಇದ್ದ ನನ್ನ ರಬ್ಬರ್ ಬುಷ್‌ಗಳ ಗತಿಯೂ ಬಹುಶಃ ಇದೇ ಆಗಿತ್ತು.

ಸದ್ದು ನಿಂತಿದೆ. ವೀಲ್ ಅಲೈನ್‌ಮೆಂಟ್ ಮಾತ್ರ ಇನ್ನೂ ಬಾಕಿ ಇದೆ.