ಬಂಡೆಯ ಮೇಲೆ ಕೂತವರು

ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ವಯಸ್ಸು. ಇಷ್ಟು ಕಾಲ ಅದು ಮಾಡಿದ ಕೆಲಸವೆಂದರೆ ಸುಮ್ಮನೆ ಕೂತದ್ದು. ಅದಕ್ಕೇ ಮೆಚ್ಚಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಪಟ್ಟವನ್ನೂ ಕಟ್ಟಿದ್ದಾರೆ. ನಾನು ಕೂತು ಎರಡು ವರ್ಷವಾಯಿತಷ್ಟೆ; ಅಷ್ಟರಲ್ಲೇ ನೆಂಟರಿಷ್ಟರಿಗೆಲ್ಲ ನನ್ನದೇ ಚಿಂತೆ.

ಬೆಳಿಗ್ಗೆ ಏಳೂವರೆಗೆ ಕೆಂಪೇಗೌಡರ ಗೋಪುರದ ಕೆಳಗೆ, ಬಿಸಿಲು ತಾಗದ ಮಗ್ಗುಲಲ್ಲಿ ನಮ್ಮ ಸಭೆ ಸೇರುತ್ತದೆ. ರಾಯರು, ಶೆಟ್ಟರು, ನಾನು ಮತ್ತು ನಮ್ಮ ಎದುರು ಮನೆಯ ಸಾಫ್ಟ್‌ವೇರ್ ಹುಡುಗ. ಹುಡುಗನಿಗೆ 30 ವರ್ಷ. 42ಕ್ಕೆ ಕೆಲಸ ಬಿಡುವುದೆಂದು ನಿಶ್ಚಯಿಸಿದ್ದಾನೆ. ಮದುವೆ ಗೊತ್ತಾದವರು ಸಂಸಾರಸ್ಥರ ಮುಖ ನೋಡುತ್ತಾರಲ್ಲ, ಹಾಗೆ ನನ್ನ ಮುಖ ನೋಡುತ್ತಾನೆ. ನಾನು 52ಕ್ಕೆ ಬಿಟ್ಟವನು.

ಆದರೆ ನಮ್ಮಲ್ಲಿ ನಿಜವಾದ ಹಿರಿಯರೆಂದರೆ ರಾಯರೇ. ಸರ್ಕಾರಿ ಬ್ಯಾಂಕುಗಳು 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ತಂದಾಗ ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿದ್ದರು. ಒಂದು ವರ್ಷದ ಸೇವೆಗೆ 60 ದಿನದ ಸಂಬಳ ಎಂಬ ಲೆಕ್ಕದಲ್ಲಿ, 22 ವರ್ಷಕ್ಕೆ 44 ತಿಂಗಳ ಸಂಬಳ ಎಣಿಸಿಕೊಂಡು 45ನೆಯ ವಯಸ್ಸಿಗೆ ಮನೆಗೆ ಬಂದರು. ಈಗ ಅವರು ದುಡಿದ ವರ್ಷಗಳಿಗಿಂತ ದುಡಿಯದ ವರ್ಷಗಳೇ ಹೆಚ್ಚು. 2020ರಲ್ಲಿ ಅವರ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. "ನಾನು ಬಿಟ್ಟು ಬಂದ ಮೇಲೆ ಹತ್ತೊಂಬತ್ತು ವರ್ಷ ಹೇಗೋ ತಡೆದುಕೊಂಡಿತು ಪಾಪ" ಎನ್ನುತ್ತಾರೆ ರಾಯರು, ಸತ್ತ ಸಹೋದ್ಯೋಗಿಯನ್ನು ನೆನೆಯುವ ದನಿಯಲ್ಲಿ.

ಶೆಟ್ಟರದು ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿ. ಅವರಿಗೆ ನಿವೃತ್ತಿ ಎಂಬ ಮಾತೇ ಅರ್ಥವಾಗುವುದಿಲ್ಲ. "ಕೆಲಸ ಬಿಡುವುದು ಎಂದರೆ ಯಾರಿಗೆ ಹೇಳಿ ಬಿಡುವುದು ಸ್ವಾಮಿ? ನನ್ನ ರಾಜೀನಾಮೆ ಪತ್ರ ತೆಗೆದುಕೊಳ್ಳುವವನೂ ನಾನೇ. ಓದಿ ಹರಿದುಹಾಕಿಬಿಡುತ್ತೇನೆ."

ಮೊನ್ನೆ ಹುಡುಗ ಮೊಬೈಲ್ ತೆರೆದು ತನ್ನ ಲೆಕ್ಕ ಮುಂದಿಟ್ಟ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು, ಮೊದಲ ವರ್ಷ ಶೇ. 4 ತೆಗೆಯುವುದು, ಆಮೇಲೆ ಬೆಲೆಯೇರಿದಷ್ಟು ಏರಿಸಿಕೊಳ್ಳುತ್ತಾ ಹೋಗುವುದು, ಗಂಟು ಕರಗುವುದಿಲ್ಲ.

"ಯಾರಪ್ಪ ಹೇಳಿದ್ದು?" ಎಂದರು ರಾಯರು.

"ಬೆಂಗೆನ್ ಎಂಬುವವರು ಅಂಕಲ್. 1994ರಲ್ಲಿ ಅಮೆರಿಕದ ಮಾರುಕಟ್ಟೆಯ ಲೆಕ್ಕ ತೆಗೆದು ಹೇಳಿದ್ದು."

"ಎಷ್ಟು ವರ್ಷಕ್ಕೆ?"

"ಮೂವತ್ತು ವರ್ಷಕ್ಕೆ."

"ನೀನು 42ಕ್ಕೆ ಬಿಟ್ಟರೆ 72ಕ್ಕೆ ಲೆಕ್ಕ ಮುಗಿಯಿತು. ಆಮೇಲೆ ನಿನ್ನನ್ನು ಸಾಕುವವರು ಯಾರು, ಬೆಂಗೆನ್ ಸಾಹೇಬರೇ?"

ಹುಡುಗ ತಡವರಿಸಿದ. ರಾಯರು ಬಿಡಲಿಲ್ಲ. ಒಂದು ಒಣಗಿದ ಕಡ್ಡಿ ಹುಡುಕಿ ಬಂಡೆಯ ಮೇಲಿನ ಮಣ್ಣಿನಲ್ಲಿ 72 ಎಂದು ಬರೆದರು, ಅದರ ಕೆಳಗೆ ಗೀಟೆಳೆದು 6 ಎಂದು ಬರೆದರು. ಈ 72 ವಯಸ್ಸಲ್ಲ; ಅದನ್ನು ಬೆಲೆಯೇರಿಕೆಯ ಶೇಕಡದಿಂದ ಭಾಗಿಸಿದರೆ ಖರ್ಚು ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂಬ ಅಂದಾಜು ಸಿಗುತ್ತದೆ. ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷಕ್ಕೆ ಖರ್ಚು ಇಮ್ಮಡಿ. ತಿಂಗಳಿಗೆ 50 ಸಾವಿರದಲ್ಲಿ ನಡೆಯುವ ಮನೆ ಇವನಿಗೆ 54 ತುಂಬುವಾಗ ಒಂದು ಲಕ್ಷ ಕೇಳುತ್ತದೆ, 66ಕ್ಕೆ ಎರಡು ಲಕ್ಷ, 78ಕ್ಕೆ ನಾಲ್ಕು. ಸೊನ್ನೆಗಳಿಗೆ ಜಾಗ ಸಾಲದೆ ರಾಯರು ಸ್ವಲ್ಪ ಪಕ್ಕಕ್ಕೆ ಜರುಗಿದರು. "ಮನೆಗೆ ಬಂದ ಹೊಸದರಲ್ಲಿ ನಾನೂ ಎಲ್ಲವನ್ನೂ ಠೇವಣಿಯಲ್ಲಿಟ್ಟು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಹತ್ತರ ಹತ್ತಿರವಿದ್ದ ಬಡ್ಡಿ ಮೂರೇ ವರ್ಷದಲ್ಲಿ ಆರರ ಹತ್ತಿರಕ್ಕೆ ಬಂತು. ಪಿಂಚಣಿ ಇತ್ತು, ಬದುಕಿದೆ. ಮೊದಲು ಕೆಳಗಿಳಿದದ್ದು ಮೇಲಿದ್ದ ಕಾಲು."

"ಅದಿರಲಿ" ಎಂದರು ಶೆಟ್ಟರು. "ಆ ಅಮೆರಿಕದವನ ಲೆಕ್ಕದಲ್ಲಿ ಮುಯ್ಯಿ ಇದೆಯೇ? ನಾದಿನಿಯ ಮಗಳ ಸೀಮಂತ, ಷಡ್ಡಕನ ಗೃಹಪ್ರವೇಶ? ಕೆಲಸ ಬಿಟ್ಟವನೆಂದು ಯಾರಾದರೂ ಮುಯ್ಯಿಯಲ್ಲಿ ರಿಯಾಯಿತಿ ಕೊಡುತ್ತಾರೆಯೇ?"

ಹುಡುಗ ಮೊಬೈಲಿನಲ್ಲಿ ಏನನ್ನೋ ಗುರುತು ಹಾಕಿಕೊಂಡ. ಮುಯ್ಯಿಗೆ ಒಂದು ಕಾಲಂ ಸೇರಿಸಿಕೊಂಡನೆಂದು ನನ್ನ ಅನುಮಾನ.

ರಿಯಾಯಿತಿಯ ಮಾತು ಬಂದದ್ದಕ್ಕೆ ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ನಿವೃತ್ತನಾದರೂ ನಾನು ಹಿರಿಯ ನಾಗರಿಕನಲ್ಲ. ಬ್ಯಾಂಕಿನ ಹೆಚ್ಚುವರಿ ಅರ್ಧ ಪರ್ಸೆಂಟ್ 60 ತುಂಬಿದವರಿಗೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸ್ವಯಂ ನಿವೃತ್ತರಿಗೆ 55ಕ್ಕೇ ಬಾಗಿಲು ತೆರೆಯುತ್ತದೆ, ಅದೂ ನಿವೃತ್ತಿಯ ಹಣ ಕೈಸೇರಿದ ಹೊಸದರಲ್ಲೇ ಹೋದವರಿಗೆ. ಭವಿಷ್ಯ ನಿಧಿಯವರ ಪಿಂಚಣಿ 58ಕ್ಕೆ. 50 ದಾಟಿದವರು ಬೇಗ ಕೇಳಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೆ ಶೇ. 4ರಂತೆ ಕತ್ತರಿ. ಕತ್ತರಿಸದಿದ್ದರೂ ನನಗೆ ಬರುವುದು ಕಾಫಿ ಪುಡಿಗೂ ಕರೆಂಟ್ ಬಿಲ್ಲಿಗೂ ಸರಿಹೋಗುವಷ್ಟು. ಕಾಫಿ ಪುಡಿ ಈಚೆಗೆ ಏರಿದ ಪರಿ ನೋಡಿದರೆ ಕರೆಂಟ್ ಬಿಲ್ಲನ್ನು ಪಟ್ಟಿಯಿಂದ ತೆಗೆಯಬೇಕಾದೀತು. ಒಟ್ಟಿನಲ್ಲಿ ದುಡಿಯುವವರ ಸಾಲಿನಿಂದ ಎದ್ದುಬಂದವನಿಗೆ ಮುದುಕರ ಸಾಲಿನಲ್ಲಿ ಇನ್ನೂ ಮಣೆ ಹಾಕಿಲ್ಲ.

ಹಣವನ್ನು ಹೇಗಾದರೂ ಹೊಂದಿಸಬಹುದು. ಜನರಿಗೆ ಏನು ಹೇಳುವುದು? ಕಳೆದ ಮಾಘದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಸೋದರಮಾವ ನನ್ನ ಪಕ್ಕ ಕೂತಿದ್ದರು. ಹೋಳಿಗೆಯ ಮೇಲೆ ಎರಡನೆಯ ಮಿಳ್ಳೆ ತುಪ್ಪ ಬೀಳುವವರೆಗೆ ಸುಮ್ಮನಿದ್ದು, ಬಡಿಸುವವನು ಮುಂದಿನ ಎಲೆಗೆ ಸರಿದ ಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದರು: "ಏನಾದರೂ ಹಣಕಾಸಿನ ವಿಷಯವೇ?" ಆಫೀಸಿನ ಗಲ್ಲಾಕ್ಕೆ ನಾನು ಕೈಹಾಕಿರಬೇಕೆಂದು ಅವರ ಊಹೆ. ಅಲ್ಲ ಎಂದೆ. "ಹಾಗಾದರೆ ಆರೋಗ್ಯ?" ಅದೂ ಅಲ್ಲ, ಸಾಕು ಎನಿಸಿತು, ಬಿಟ್ಟೆ ಎಂದೆ. ಮಾವ ನನ್ನನ್ನು ದೀರ್ಘವಾಗಿ ನೋಡಿದರು. ಕದ್ದಿದ್ದೇನೆ ಎಂದಿದ್ದರೆ ಇನ್ನೊಂದು ಹೋಳಿಗೆ ಹಾಕಿಸಿ ಧೈರ್ಯ ಹೇಳುತ್ತಿದ್ದರೋ ಏನೋ.

ಮನೆಯಲ್ಲೂ ಮೊದಲ ತಿಂಗಳು ಶೀತಲ ಸಮರ. ನಾನು ಬಿಡುವಾದುದನ್ನು ಕಂಡು ನನ್ನಾಕೆ ಸಂತೋಷಪಡುತ್ತಾಳೆಂದು ತಿಳಿದಿದ್ದೆ. ಹನ್ನೊಂದು ಗಂಟೆಗೆ ಅವಳಿಗೆ ಒಂದು ಎರಡನೆಯ ಕಾಫಿ ಇತ್ತೆಂಬುದೇ ನನಗೆ 27 ವರ್ಷ ಗೊತ್ತಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ, ಕಾಲಿಗೊಂದು ಮಣೆ, ತಂಗಿಯೊಂದಿಗೆ ಫೋನು. ಆ ಕುರ್ಚಿಯಲ್ಲಿ ನಾನು ಪತ್ರಿಕೆ ಹರಡಿಕೊಂಡು ಕೂತಿದ್ದೆ. ಒಂದು ವಾರ ತಡೆದುಕೊಂಡಳು. ಎಂಟನೆಯ ದಿನ, "ನಿಮಗೆ ಬಿಡುವು ಸಿಕ್ಕಿತು ನಿಜ, ಆದರೆ ಅದು ನನ್ನದಾಗಿತ್ತು" ಎಂದಳು. ಅಂದಿನಿಂದ ಹನ್ನೊಂದಕ್ಕೆ ನಾನು ಗ್ರಂಥಾಲಯಕ್ಕೆ ಹೋಗುತ್ತೇನೆ. ಹಾಜರಿ ಪುಸ್ತಕವಿಲ್ಲ, ಆದರೂ ತಡವಾದರೆ ಮನೆಯಲ್ಲಿ ಯಾರೋ ಗಡಿಯಾರ ನೋಡುತ್ತಾರೆ.

ಇನ್ನು ನೆರೆಹೊರೆ. ಕೆಲಸ ಬಿಟ್ಟ ಮೂರನೆಯ ವಾರಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಸಂಘ ನನ್ನನ್ನು ಅವಿರೋಧವಾಗಿ ಕಾರ್ಯದರ್ಶಿ ಮಾಡಿತು. ನಾನು ಆ ಸಭೆಗೆ ಹೋಗಿಯೇ ಇರಲಿಲ್ಲ. "ಹೇಗೂ ಮನೆಯಲ್ಲೇ ಇರುತ್ತೀರಲ್ಲ" ಎಂಬುದು ಈಗ ಮೂವತ್ತೆರಡು ಮನೆಗಳ ಮಂತ್ರ. ಟ್ಯಾಂಕರ್ ಬಂದರೆ ನಾನು, ಲಿಫ್ಟ್ ಕೆಟ್ಟರೆ ನಾನು. ಎಲ್ಲಕ್ಕಿಂತ ಮಿಗಿಲು ಕೊರಿಯರ್. ನಮ್ಮ ದಿವಾನದ ಮೇಲೆ ಒಂದು ಮಧ್ಯಾಹ್ನ ಎಣಿಸಿದೆ: ಹನ್ನೊಂದು ಪೊಟ್ಟಣ, ಅದರಲ್ಲಿ ನಮ್ಮದು ಒಂದೂ ಇಲ್ಲ. ಇವನ ಓಟದ ಬೂಟು ನಮ್ಮ ಮನೆಯಲ್ಲಿ ನಾಲ್ಕು ದಿನ ವಿಶ್ರಾಂತಿ ಪಡೆದಿತ್ತು. ಹುಡುಗ ತಲೆ ತಗ್ಗಿಸಿದ.

"ಹಳೆಯ ಆಫೀಸಿನವರು ಮತ್ತೆ ಕರೆದರಂತೆ?" ಎಂದರು ಶೆಟ್ಟರು.

ಕರೆದದ್ದು ನಿಜ. ಆರು ತಿಂಗಳು ಸಲಹೆಗಾರನಾಗಿ ಬಾ, ವಾರಕ್ಕೆ ಮೂರು ದಿನ, ಹಣವೂ ಕಡಿಮೆಯೇನಲ್ಲ. ಹುಡುಗ ಒಪ್ಪಿಕೊಳ್ಳಿ ಎಂದ, ಗಂಟು ಬೆಳೆಯುತ್ತದಂತೆ. ಶೆಟ್ಟರೂ ಅದನ್ನೇ ಹೇಳಿದರು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಬಾರದೆಂಬುದು ಅವರ ಮನೆದೇವರ ಆಣತಿ. ರಾಯರು ಮಾತ್ರ ಮಣ್ಣಿನಲ್ಲಿ ಬರೆದ ಸೊನ್ನೆಗಳನ್ನು ಚಪ್ಪಲಿಯಿಂದ ಅಳಿಸುತ್ತಾ, "ಯಾಕೆ ಬೇಡ ಎಂದೆ?" ಎಂದು ಕೇಳಿದರು.

ನಾನು ಹೊರಬಂದ ಮೇಲೆ ಆಫೀಸಿನಿಂದ ಫೋನು ಬಂದದ್ದು ಸರಿಯಾಗಿ ಹದಿಮೂರನೆಯ ದಿನ, ವೈಕುಂಠ ಸಮಾರಾಧನೆಯ ಲೆಕ್ಕಕ್ಕೆ. ನಾನಿಲ್ಲದೆ ಏನೋ ನಿಂತುಹೋಗಿರಬೇಕೆಂದು ಎದೆ ಸ್ವಲ್ಪ ಉಬ್ಬಿತು. ಅವರಿಗೆ ಬೇಕಾಗಿದ್ದದ್ದು ಅಲಮಾರಿಯ ಕೀಲಿ. ಎಡಗಡೆಯ ಡ್ರಾಯರಿನಲ್ಲಿ, ಗುಂಡುಸೂಜಿಯ ಡಬ್ಬಿಯ ಕೆಳಗೆ ಎಂದೆ. ಸಿಕ್ಕಿತು ಎಂದರು, ಇಟ್ಟುಬಿಟ್ಟರು. 27 ವರ್ಷ ನನ್ನ ತಲೆಯ ಮೇಲೆ ನಿಂತಿದೆ ಎಂದುಕೊಂಡಿದ್ದ ಕಟ್ಟಡ ನಿಂತದ್ದು ಒಂದು ಡಬ್ಬಿಯ ಕೆಳಗಿನ ಕೀಲಿಯ ಮೇಲೆ. ತಿಥಿ ಮುಗಿದ ಮನೆಗೆ ಹೆಣ ಎದ್ದುಹೋದರೆ ಚೆನ್ನಾಗಿರುತ್ತದೆಯೇ?

ರಾಯರು ನಕ್ಕರು. ಶೆಟ್ಟರು ಅಂಗಡಿಗೆ ಹೊತ್ತಾಯಿತೆಂದು ಎದ್ದರು. ದಿನಾ ಏಳುತ್ತಾರೆ, ಇನ್ನೂ ಕಾಲು ಗಂಟೆ ನಿಂತೇ ಮಾತಾಡುತ್ತಾರೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. "ಸರ್, ಕೊರಿಯರ್. 304ಕ್ಕೆ ಬಂದಿದೆ, ಬಾಗಿಲು ಹಾಕಿದೆ. ನೀವು ಮನೆಯಲ್ಲೇ ಇರುತ್ತೀರಂತಲ್ಲ?"

ನಾನು ಬಂಡೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಗಂಟಲು ಸರಿಪಡಿಸಿಕೊಂಡೆ.

"ಇಲ್ಲಪ್ಪ, ಆಫೀಸಿನಲ್ಲಿದ್ದೇನೆ. ಮೀಟಿಂಗ್ ನಡೆಯುತ್ತಿದೆ."