9 ವೋಲ್ಟ್ ಬ್ಯಾಟರಿ ಹಾಕಿದ ಫ್ಯಾನ್ ಕೆಲವೇ ನಿಮಿಷಕ್ಕೆ ನಿಧಾನ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಮಗಳ ವಿಜ್ಞಾನ ಮಾದರಿಗೆ ಬ್ಯಾಟರಿ ಫ್ಯಾನ್ ಮಾಡ್ತಿದ್ದೇವೆ. ಆಟಿಕೆ ಕಾರಿನ ಮೋಟರ್, 5 ಇಂಚಿನ ಪ್ಲಾಸ್ಟಿಕ್ ರೆಕ್ಕೆ, 9 ವೋಲ್ಟಿನ ಚೌಕ ಬ್ಯಾಟರಿ. ಶುರುವಿನಲ್ಲಿ ಜೋರು, ಆಮೇಲೆ ನಿಧಾನ. ಮೋಟರ್ ಮುಟ್ಟೋಕಾಗದಷ್ಟು ಬಿಸಿ, ಗಾಳಿಯೂ ಹಿಂದಕ್ಕೆ ಹೋಗ್ತಿದೆ. ಇನ್ನೊಂದು 9 ವೋಲ್ಟ್ ಸೇರಿಸಲೇ?

ಉತ್ತರ: ಬೇಡಿ, ಸರಣಿಯಲ್ಲಿ ಸೇರಿಸಿದರೆ ಮೋಟರೇ ಸುಟ್ಟೀತು. ಆಟಿಕೆಗಳಲ್ಲಿ ಬರುವ 130 ಸೈಜಿನ ಮೋಟರ್‌ಗೆ 3 ವೋಲ್ಟ್ ಆಸುಪಾಸು ಸಾಕು. ಸಣ್ಣ ರೆಕ್ಕೆ ಹಾಕಿದರೂ ಸುಮಾರು 300–500 ಮಿಲಿಆಂಪ್ ಎಳೆಯುತ್ತದೆ. 9 ವೋಲ್ಟ್ ಬ್ಯಾಟರಿಯೊಳಗಿರುವುದು 1.5 ವೋಲ್ಟಿನ ಆರು ಪುಟ್ಟ ಸೆಲ್‌ಗಳು. ಮಲ್ಟಿಮೀಟರ್‌ನಂಥ, ಕೆಲವೇ ಮಿಲಿಆಂಪ್ ಬೇಡುವ ಸಾಧನಕ್ಕೆ ಅವು ಸರಿ. ಹೆಚ್ಚು ಕರೆಂಟ್ ಎಳೆದರೆ ಒಳಗಿನ ರೋಧದಲ್ಲೇ ವೋಲ್ಟೇಜ್ ಕುಸಿಯುತ್ತದೆ. ಫ್ಯಾನ್ ಓಡುವಾಗಲೇ ಬ್ಯಾಟರಿ ತುದಿಗಳಿಗೆ ಮೀಟರ್ ಹಿಡಿದರೆ ಗೊತ್ತಾಗುತ್ತದೆ.

ಎರಡು ಎಎ ಸೆಲ್ ಸರಣಿಯಲ್ಲಿ ಹಾಕಿ. ಆಲ್ಕಲೈನ್ ಆದರೆ ಕೆಲವು ಗಂಟೆ ಓಡುತ್ತದೆ. ನನ್ನ ಮಟ್ಟಿಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಒಳ್ಳೆಯದು: ತಲಾ 1.2 ವೋಲ್ಟ್, ವೇಗ ತುಸು ಕಡಿಮೆ, ಆದರೆ ಮತ್ತೆ ಮತ್ತೆ ಬಳಸಬಹುದು. ಹೊಸ ಸೆಲ್ ಜೊತೆ ಹಳೆಯದನ್ನು ಬೆರೆಸಬೇಡಿ.

ರೆಕ್ಕೆ 3 ಇಂಚಿಗೆ ಇಳಿಸಿ, ಬಿಸಿಗೆ ಅದೂ ದೊಡ್ಡ ಕಾರಣ. ಆಕಾರ, ವೇಗ ಎರಡೂ ಅದೇ ಇದ್ದರೆ ರೆಕ್ಕೆ ಕೇಳುವ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುತ್ತದೆ. 3ರಿಂದ 5 ಇಂಚಿಗೆ ಹೋದರೆ ಸುಮಾರು 13 ಪಟ್ಟು.

ಗಾಳಿಯ ದಿಕ್ಕಿಗೆ ಬರೋಣ. ರೆಕ್ಕೆಯನ್ನು ಮಗುಚಿ ಹಾಕಿದ ಮಾತ್ರಕ್ಕೆ ದಿಕ್ಕು ಬದಲಾಗುವುದಿಲ್ಲ. ಎಲೆಯ ಗುಳಿಬಿದ್ದ ಮೈ ನಿಮ್ಮ ಕಡೆಗಿರಲಿ. ಆಗಲೂ ಗಾಳಿ ಹಿಂದಕ್ಕೆ ಹೋದರೆ ಮೋಟರಿನ ಎರಡು ವೈರ್ ಅದಲುಬದಲು ಮಾಡಿ. ರೆಕ್ಕೆ ಸಡಿಲವೆಂದು ಶಾಫ್ಟ್‌ಗೆ ಫೆವಿಕ್ವಿಕ್ ಸುರಿಯಬೇಡಿ, ಅದು ಶಾಫ್ಟ್ ತಿರುಗುವ ಬುಷ್‌ಗೆ ಇಳಿದು ಮೋಟರ್ ಹಿಡಿದುಬಿಡುತ್ತದೆ. 2 ಮಿಲಿಮೀಟರ್ ಶಾಫ್ಟ್‌ಗೆ ಬಿಗಿಯಾಗಿ ಕೂರುವ ರೆಕ್ಕೆಯನ್ನೇ ಕೇಳಿ ತನ್ನಿ. ಸ್ವಿಚ್ ಧನ ವೈರಿನಲ್ಲಿರಲಿ. ಪಕ್ಕದ ರೇಡಿಯೊ ಕರಕರ ಎಂದರೆ ಮೋಟರಿನ ಎರಡು ತುದಿಗಳ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯ 18650 ಸೆಲ್ (ರೀಚಾರ್ಜ್ ಆಗುವ ಲಿಥಿಯಂ ಸೆಲ್) ಹಾಕಬಹುದಾ ಅಣ್ಣ?

ಉತ್ತರ: ಮಕ್ಕಳ ಮಾದರಿಗೆ ಹಾಕಬೇಡಿ. ನಿಮ್ಮ ಬಳಕೆಗೆ ಬೇಕಿದ್ದರೆ ಬಿಡಿ ಸೆಲ್ಲನ್ನು ನೇರ ಜೋಡಿಸದೆ, ರಕ್ಷಣಾ ಸರ್ಕ್ಯೂಟ್ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್ ತನ್ನಿ. ಇನ್‌ಪುಟ್ ಬಿಟ್ಟು ವೈರ್ ಬೆಸೆಯುವ ನಾಲ್ಕು ಪ್ಯಾಡ್ ಇರಬೇಕು: ಬಿ ಪ್ಲಸ್, ಬಿ ಮೈನಸ್‌ಗೆ ಸೆಲ್, ಔಟ್ ಪ್ಲಸ್, ಔಟ್ ಮೈನಸ್‌ಗೆ ಮೋಟರ್. ಎರಡೇ ಪ್ಯಾಡ್ ಇರುವುದರಲ್ಲಿ ರಕ್ಷಣೆ ಇರುವುದಿಲ್ಲ. ಸೆಲ್ಲಿಗೆ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುವುದರಿಂದ ಮೋಟರಿನ ಧನ ವೈರಿಗೆ 1ಎನ್4007 ಡಯೋಡ್ ಒಂದನ್ನು ಸೇರಿಸಿ, 0.7–0.8 ವೋಲ್ಟ್ ಇಳಿಯುತ್ತದೆ. ಬೆಳ್ಳಿ ಪಟ್ಟಿ ಮೋಟರ್ ಕಡೆಗೆ. ಚಾರ್ಜ್ ಮಾಡುವಾಗ ಫ್ಯಾನ್ ಆಫ್ ಇರಲಿ. ಊದಿದ, ತುಕ್ಕು ಹಿಡಿದ, ಅಥವಾ 2 ವೋಲ್ಟಿಗಿಂತ ಕೆಳಗಿಳಿದ ಸೆಲ್ಲಿಗೆ ಕೈ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.