ಸೈಕ್ಲೋಡೆಕ್ಸ್ಟ್ರಿನ್ ಜಾಸ್ತಿ ಹಾಕಿದಷ್ಟೂ ಐಬುಪ್ರೊಫೆನ್ ಕಡಿಮೆ! ಯಾರಾದರೂ ಹೇಳಿ

ನಿದ್ದೆಗೆಟ್ಟವಳು: ಮೂರು ವಾರದಿಂದ ತಲೆ ಕೆಟ್ಟಿದೆ. ಎಂ.ಫಾರ್ಮ್ ಪ್ರಾಜೆಕ್ಟ್. ಸೈಕ್ಲೋಡೆಕ್ಸ್ಟ್ರಿನ್ (ಔಷಧಿಯನ್ನು ಒಳಗೆ ಕೂರಿಸಿಕೊಂಡು ನೀರಲ್ಲಿ ಕರಗಿಸುವ, ಬಟ್ಟಲಿನಂಥ ಸಕ್ಕರೆ ಅಣು) ಹೆಚ್ಚಿಸುತ್ತಾ, ಐಬುಪ್ರೊಫೆನ್ (ನೋವಿನ ಔಷಧಿ) ಎಷ್ಟು ಕರಗಿತು ಅಂತ ಫಿಲ್ಟರ್ ಮಾಡಿ ಅಳೆಯುತ್ತಿದ್ದೇನೆ. ಕರಗಿದ್ದು ಮೊದಲು ಏರುತ್ತದೆ, ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಗ್ರಾಫ್ ನೇರ ಗೆರೆ ಬರಬೇಕಿತ್ತು ಅಲ್ವಾ? ಎಲ್ಲಾ ಸರಿಯಾಗೇ ಮಾಡಿದ್ದೇನೆ. ಸೋಮವಾರ ಗೈಡ್‌ಗೆ ತೋರಿಸಬೇಕು.

ಪೀಣ್ಯ_ಲ್ಯಾಬ್: ಫಿಲ್ಟರ್. ನೈಲಾನ್ ತಾನೇ? ಅದು ಔಷಧಿ ಹೀರುತ್ತದೆ. ಅಷ್ಟಾಗಿ ಹೀರದ ಪಿವಿಡಿಎಫ್ ಫಿಲ್ಟರ್ ಹಾಕಿ, ಮೊದಲ 2 ಮಿ.ಲೀ. ಚೆಲ್ಲಿ.

ಬೀಕರ್ ಭಾವ: ಫಿಲ್ಟರ್ ಹೀರಿದರೆ ಎಲ್ಲಾ ಬಾಟಲಿಯಲ್ಲೂ ಕಡಿಮೆ ಬರಬೇಕು. ಕೊನೆಯವುಗಳಲ್ಲಿ ಮಾತ್ರ ಯಾಕೆ? ಸೈಕ್ಲೋಡೆಕ್ಸ್ಟ್ರಿನ್ ಯಾವ ಬಗೆ, ಆಲ್ಫಾನಾ, ಬೀಟಾನಾ? ಎಷ್ಟು? ಪಿಹೆಚ್? ಒಂದೂ ಬರೆದಿಲ್ಲ.

ನಿದ್ದೆಗೆಟ್ಟವಳು: ಫಿಲ್ಟರ್ ಬದಲಿಸಿದೆ. ಅದೇ ಗ್ರಾಫ್ 😭

ಪೀಣ್ಯ_ಲ್ಯಾಬ್: ಹಾಗಾದರೆ ಸಿರಿಂಜ್ ಜೋರಾಗಿ ಒತ್ತುತ್ತಿದ್ದೀರಿ. ಶೇಕರ್ ಎಷ್ಟು ಗಂಟೆ? ನಾನು 72 ಗಂಟೆ ಬಿಡುತ್ತೇನೆ. ಹರಾಜಿನಲ್ಲಿ ಹಿಡಿದ ಶೇಕರ್, 12 ಫ್ಲಾಸ್ಕ್, ಇನ್ವರ್ಟರ್ ಮೇಲೆ. ಕರೆಂಟ್ ಹೋದರೂ ನಿಲ್ಲಲ್ಲ.

ಅರ್ಧ_ಗುಳಿಗೆ: ಮ್ಯಾಗ್ನೆಟಿಕ್ ಸ್ಟರರ್ ಸಾಕು. ಶೇಕರ್ ಸುಮ್ನೆ ಷೋಕಿ.

ಪೀಣ್ಯ_ಲ್ಯಾಬ್: ಸ್ಟರರ್ ಪ್ಲೇಟ್ ಬಿಸಿಯಾಗುತ್ತದೆ ಸ್ವಾಮಿ. ಆಮೇಲೆ 25 ಡಿಗ್ರಿ ಅಂತ ಬರೆಯಲು ನಾಚಿಕೆ ಇಲ್ವಾ?

ನಿದ್ದೆಗೆಟ್ಟವಳು: ಜಗಳ ಬೇಡ. ಮಾಮೂಲಿ ಬೀಟಾ, 0ರಿಂದ 40 ಮಿಲಿಮೋಲಾರ್, ಬರೀ ನೀರು, 25 ಡಿಗ್ರಿ. ತಳದಲ್ಲಿ ಬಿಳಿ ಗಷ್ಟು ಇದ್ದೇ ಇರುತ್ತದೆ, ಅದು ಹೆಚ್ಚಾದ ಔಷಧಿ.

ಬೀಕರ್ ಭಾವ: ಇದನ್ನು ಮೊದಲೇ ಹೇಳಬಾರದಿತ್ತಾ! ಬೀಟಾ 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 18.5 ಗ್ರಾಂ ಕರಗುತ್ತದೆ. ಅಣುತೂಕ 1135. ಅಂದರೆ 16 ಮಿಲಿಮೋಲಾರ್ ಹತ್ತಿರ. 40 ಎಲ್ಲಿಂದ ಕರಗಬೇಕು? ಇನ್ನೊಂದು, ಬೀಟಾ ಬಟ್ಟಲೊಳಗೆ ಔಷಧಿ ಕೂತ ಮೇಲೆ ಆ ಜೋಡಿಯೇ ಸರಿಯಾಗಿ ಕರಗದೆ ತಳ ಸೇರಬಹುದು. ಬಿಡಿ ಔಷಧಿ ಮುಗಿದ ಮೇಲೂ ಬೀಟಾ ಸುರಿದರೆ ಕರಗಿದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹಿಗುಚಿ, ಕಾನರ್ಸ್ ಎಂಬ ವಿಜ್ಞಾನಿಗಳು 1965ರಲ್ಲೇ ಹೀಗೆ ಏರಿ, ನಿಂತು, ಇಳಿಯುವ ಗ್ರಾಫ್‌ಗೆ ಬಿಎಸ್ ಮಾದರಿ ಅಂತ ಹೆಸರಿಟ್ಟಿದ್ದಾರೆ. ಆ ಗಷ್ಟನ್ನು ಒಣಗಿಸಿ ಡಿಎಸ್‌ಸಿ (ಬಿಸಿ ಮಾಡುತ್ತಾ ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿ. 76 ಡಿಗ್ರಿ ಹತ್ತಿರ ಐಬುಪ್ರೊಫೆನ್ ಬಿಸಿಗೆ ಕರಗುವ ಶಿಖರ ಮಾಯವಾಗಿದ್ದರೆ ಅದು ಬಿಡಿ ಔಷಧಿ ಅಲ್ಲ.

ನಿದ್ದೆಗೆಟ್ಟವಳು: ಅಯ್ಯೋ. ಹಾಗಾದರೆ ಪ್ರಾಜೆಕ್ಟ್ ಹೋಯ್ತಾ?

ಬೀಕರ್ ಭಾವ: ಯಾಕೆ? ಇಳಿದದ್ದೂ ಫಲಿತಾಂಶವೇ. 0ರಿಂದ 15ರ ತನಕ ಮತ್ತೆ ಮಾಡಿ. ಮೇಲಕ್ಕೆ ಹೋಗಲೇಬೇಕಿದ್ದರೆ ಹೈಡ್ರಾಕ್ಸಿಪ್ರೊಪೈಲ್ ಬೀಟಾ ತಗೊಳ್ಳಿ, ಅದು ಧಾರಾಳವಾಗಿ ಕರಗುತ್ತದೆ. ನೀರಿನ ಬದಲು ಪಿಹೆಚ್ 7.2ರ ಬಫರ್ ಮಾತ್ರ ಹಾಕಬೇಡಿ. ಐಬುಪ್ರೊಫೆನ್ ಆಮ್ಲ, ಅಲ್ಲಿ ತಾನಾಗೇ ಕರಗಿಬಿಡುತ್ತದೆ, ಬೀಟಾ ಏನು ಮಾಡಿತು ಅಂತ ಗೊತ್ತಾಗಲ್ಲ.

ಪೀಣ್ಯ_ಲ್ಯಾಬ್: ಎಲ್ಲಾ ಸರಿ. ಒಂದ್ಸಲ ಪಿಟಿಎಫ್ಇ ಫಿಲ್ಟರ್ ನೋಡಿ.

ಹೊಸಬ_23: ನನಗೂ ಇದೇ ತೊಂದರೆ, ಕರ್ಕ್ಯುಮಿನ್ (ಅರಿಶಿನದ ಹಳದಿ). ದ್ರಾವಣ ಕೆಂಪಾಗಿದೆ. ಅರ್ಜೆಂಟ್.

ಬೀಕರ್ ಭಾವ: ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ತಟ್ಟೆಯಲ್ಲಿ ಏನಾಗುತ್ತದೆ? ಪಿಹೆಚ್ ಎಷ್ಟಿದೆ ಹೇಳಿ.